ಅತ್ತೆಯ ಅಂಗೈ

ಟೇಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿಯುವ ಕೆಲಸವನ್ನು ಜೆರಾಕ್ಸ್ ಅಂಗಡಿಯವನು ಅವಳಿಗೇ ಕೊಟ್ಟ. ‘ಸ್ವಲ್ಪ ಹಿಡ್ಕೊಳ್ಳಿ ಮೇಡಂ, ಒಬ್ಬನ ಕೈಲಿ ಆಗಲ್ಲ’ ಎಂದ. ಹಿಡಿದಳು. ತಾನು ದಿನವೂ ಕ್ಯಾಮರಾ ನಿಲ್ಲಿಸುವ ಜಾಗದ ಮೇಲೆ ಹಾದು ಆ ಹಳದಿ ಪಟ್ಟಿ ಎದುರು ಗೋಡೆಗೆ ಹೋಯಿತು. ಇಲ್ಲಿ ದೊಡ್ಡ ಮೆಷಿನ್ನು, ಇಲ್ಲಿ ಕೌಂಟರು, ಆ ಮೂಲೆಗೆ ಲ್ಯಾಮಿನೇಶನ್ನು ಎಂದು ಅವನು ಗಾಳಿಯಲ್ಲೇ ಅಂಗಡಿ ಇಟ್ಟುಬಿಟ್ಟ. ದೊಡ್ಡ ಕಿಟಕಿಯ ಹತ್ತಿರ ಹೋಗಿ, ಅದಕ್ಕೆ ಕಟ್ಟಿದ್ದ ತೆಳು ಬಿಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ‘ಇದನ್ನ ಮುಚ್ಚಿಸ್ಬೇಕಾಗುತ್ತೆ, ಇಷ್ಟು ಬೆಳಕು ಏನಕ್ಕೆ’ ಎಂದ. ಮೂಲೆಯ ಬೆತ್ತದ ಕುರ್ಚಿಯಲ್ಲಿ, ಶಾಲಿನೊಳಗೆ ಕೈ ಅಡಗಿಸಿಕೊಂಡು ಕೂತಿದ್ದ ಅತ್ತೆ, ‘ಮುಚ್ಚಿಸ್ಕೊಳ್ಳಪ್ಪ. ಬೆಳಕು ಇದ್ದೂ ಇಲ್ಲಿ ಯಾರಿಗೂ ಉಪಯೋಗ ಆಗ್ತಿಲ್ಲ’ ಎಂದರು. ಅದು ಅವನಿಗೆ ಹೇಳಿದ್ದಲ್ಲ. ಅವನು ಟೇಪು ಸುತ್ತಿಕೊಳ್ಳುತ್ತಿರುವಾಗ ಇನ್ನೊಂದು ಮಾತು ಸೇರಿಸಿದರು: ‘ಇವತ್ತು ಸಾಯಂಕಾಲ ಹಲ್ಲಿನ ಡಾಕ್ಟರು ಎರಡನೇ ಸಲ ಬರ್ತಾರೆ. ಆ ರೀಲೂ ಕೆಟ್ಟರೆ ಜಾಗ ನಿಂದು. ಕೆಡದೆ ಇದ್ರೆ ನೋಡೋಣ.’ ಅವನು ಒಳ್ಳೆಯ ಮನುಷ್ಯ, ಅವಳ ಕಡೆ ತಿರುಗಿ ಸ್ವಲ್ಪ ನಾಚಿಕೊಂಡು ನಕ್ಕ. ಅವಳೂ ನಕ್ಕಳು. ಟೇಪು ಹಿಡಿದಿದ್ದ ಜಾಗದಲ್ಲಿ ಗೋಡೆಯ ಮೇಲೆ ಬೆರಳಿನ ಒದ್ದೆ ಗುರುತು ಉಳಿದಿತ್ತು. ಅವನು ಹೋದ ಮೇಲೆ ಅದನ್ನು ಮೊಣಕೈಯಿಂದ ಒರೆಸಿದಳು.

ಕೆಡದೆ ಇದ್ದರೆ ನೋಡೋಣ. ಈ ಮನೆಯಲ್ಲಿ ಅತ್ತೆಯ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆಯೇ ಅದು. ಕಣ್ಣಿನಲ್ಲಿ ಪೊರೆ ಬಂದು ಕ್ಯಾಮರಾದಲ್ಲಿ ಮುಖ ಮಸುಕಾಗಿ ಕಾಣತೊಡಗಿದಾಗ ಅತ್ತೆ ಸ್ಟುಡಿಯೋವನ್ನು ಅವಳಿಗೆ ಬಿಟ್ಟುಕೊಟ್ಟರು ಎಂದು ಹೊರಗಿನವರು ಹೇಳುತ್ತಾರೆ. ಬಿಟ್ಟುಕೊಟ್ಟವರು ಒಂದು ದಿನವಾದರೂ ಆ ಕುರ್ಚಿ ಬಿಟ್ಟು ಎದ್ದರೆ ತಾನೆ. ಫೋಟೋ ತೆಗೆಯುವಾಗ ಬೆನ್ನಿಗೆ ಅವರ ಉಸಿರು ತಾಗುತ್ತಿರುತ್ತದೆ. ಗಿರಾಕಿಯ ಗಲ್ಲ ಸ್ವಲ್ಪ ಎತ್ತಿಸಿದರೆ ಹಿಂದಿನಿಂದ ‘ಹ್ಞೂ’ ಎನ್ನುತ್ತಾರೆ, ಇಳಿಸಿದರೂ ‘ಹ್ಞೂ’ ಎನ್ನುತ್ತಾರೆ. ಎರಡೂ ಬೇರೆ ಬೇರೆ ಹ್ಞೂ, ಎರಡಕ್ಕೂ ಅರ್ಥ ಒಂದೇ. ಆಮೇಲೆ ರೀಲು ಲ್ಯಾಬಿಗೆ ಹೋಗಿ ಬರುತ್ತದೆ, ಲಕೋಟೆಯ ಮೇಲೆ ಲ್ಯಾಬಿನವನು ಕೆಂಪು ಪೆನ್ನಿನಲ್ಲಿ ‘ತೆಳು’ ಎಂದು ಬರೆದಿರುತ್ತಾನೆ. ನೆಗೆಟಿವ್ ತೆಳು, ಎಂದರೆ ಬೆಳಕು ಸಾಲಲಿಲ್ಲ, ಎಂದರೆ ಪ್ರಿಂಟಿನಲ್ಲಿ ಕೂದಲಿನ ಕಪ್ಪು ಕೆಸರಾಗಿ, ನೆರಳೆಲ್ಲ ಪಾಚಿ ಹಿಡಿದ ಬಣ್ಣಕ್ಕೆ ತಿರುಗಿ, ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಅವನಿಗೆ ಒಂದು ಪದ ಬರೆದರೆ ಮುಗಿಯಿತು. ಅತ್ತೆಗೆ ಅದನ್ನು ಗಟ್ಟಿಯಾಗಿ ಓದಬೇಕು.

ಹಲ್ಲಿನ ಡಾಕ್ಟರು ಮೊನ್ನೆ ಪ್ರಿಂಟು ಹಿಡಿದು ಬಂದಾಗ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ‘ಇದು ಹೊಸ ಕ್ಲಿನಿಕ್ಕಿನ ಗೋಡೆಗೆ ಹಾಕೋಕೆ. ಹಲ್ಲು ನೋಡಿ’ ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು. ಉದ್ದನೆಯ ಹೆಂಗಸು, ಅಗಲ ನಗು. ಪ್ರಿಂಟಿನಲ್ಲಿ ಆ ನಗು ಚಹಾದಲ್ಲಿ ಅದ್ದಿ ತೆಗೆದಂತಿತ್ತು, ಬಿಳಿ ಕೋಟು ಒರೆಸುವ ಬಟ್ಟೆಯಂತಿತ್ತು. ಅತ್ತೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಕಾಣುವ ಒಂದು ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಬೇಕೆಂದೇ ಬಹಳ ಹೊತ್ತು. ‘ನಿಮ್ಮ ಹಲ್ಲು ಮುತ್ತಿನ ಹಾಗಿದೆಯಮ್ಮ. ತಪ್ಪು ತಿಳ್ಕೋಬೇಡಿ. ನಮ್ಮ ಸೊಸೆ ಕೈಗೆ ಬೆಳಕು ಹತ್ತಲ್ಲ’ ಎಂದರು. ಏನೋ ಹುಟ್ಟಿದಾಗಿನಿಂದ ಇರುವ ಕಾಯಿಲೆಯ ವಿಷಯ ಹೇಳುವ ಹಾಗೆ, ಮೆತ್ತಗೆ. ಡಾಕ್ಟರು ಅವಳ ಕೈಯನ್ನೇ ನೋಡಿದರು. ಆ ನೋಟ ಈಗಲೂ ಅಂಗೈಯಲ್ಲಿ ಚುರುಗುಡುತ್ತಿದೆ. ರಾತ್ರಿ ಗಂಡನಿಗೆ ಹೇಳಿದರೆ, ಅವನು ಬಾಯಿಗೆ ಹೋಗುತ್ತಿದ್ದ ತುತ್ತನ್ನೂ ನಿಲ್ಲಿಸದೆ, ‘ಹಲ್ಲಿನ ಡಾಕ್ಟರಿಗೇ ಹಳದಿ ಹಲ್ಲು ಮಾಡಿಟ್ಯಲ್ಲ’ ಎಂದು ನಕ್ಕ. ತಾಯಿಗೂ ಹೆಂಡತಿಗೂ ನಡುವೆ ಏನು ಬಿದ್ದರೂ ಅದನ್ನೊಂದು ಜೋಕು ಮಾಡಿ ದಾಟಿಹೋಗುವುದು ಅವನು ಕಲಿತ ಒಂದೇ ವಿದ್ಯೆ.

ನೋಡದೆ ಬಿಟ್ಟದ್ದು ಯಾವುದೂ ಇಲ್ಲ. ರೀಲಿನ ಡಬ್ಬಿಯ ಮೇಲಿನ ಅಂಕಿಯನ್ನೂ ಬೆಳಕು ಅಳೆಯುವ ಮೀಟರಿನ ಮೇಲೆ ತಾನು ಇಟ್ಟ ಅಂಕಿಯನ್ನೂ ದಿನಾ ಬೆಳಿಗ್ಗೆ ತಾಳೆ ನೋಡಿದಳು. ಶಟರು ನಿಧಾನವೋ ಎಂದು ಕಿವಿಗೆ ಹಿಡಿದು ಕೇಳಿದಳು. ಲೆನ್ಸಿನ ಹಿಂದೆ ಟಾರ್ಚು ಬಿಟ್ಟು ಮಂಜು ಹಿಡಿದಿದೆಯೇ ಎಂದು ಹುಡುಕಿದಳು. ಮೀಟರನ್ನು ಲ್ಯಾಬಿಗೆ ಒಯ್ದು ಲ್ಯಾಬಿನವನ ಮೀಟರಿನ ಪಕ್ಕ ಹಿಡಿದರೆ ಎರಡರ ಮುಳ್ಳೂ ಒಂದೇ ಜಾಗದಲ್ಲಿ ನಿಂತವು. ಅವನು ‘ಮೀಟರ್ ಚೆನ್ನಾಗಿದೆ’ ಎಂದು ಹೇಳಿ, ಮುಂದಿನ ಮಾತನ್ನು ಮರ್ಯಾದೆಗಾಗಿ ನುಂಗಿಕೊಂಡ. ಡಾಕ್ಟರ ಬಿಳಿ ಕೋಟು ಮೋಸ ಮಾಡಿತೇ ಎಂದು ಯೋಚಿಸಿದಳು. ಮೀಟರು ಬುದ್ಧಿಯಿಲ್ಲದ ವಸ್ತು, ತನ್ನೆದುರು ಹಿಡಿದದ್ದೆಲ್ಲ ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ನಡುಬಣ್ಣದ್ದು ಎಂದೇ ಅದರ ನಂಬಿಕೆ. ಬಿಳಿ ತೋರಿಸಿದರೆ, ಓಹೋ ಬೆಳಕು ಬೇಕಾದಷ್ಟಿದೆ, ಲೆನ್ಸಿನ ಬಾಯಿ ಕಿರಿದು ಮಾಡು ಎನ್ನುತ್ತದೆ. ಮಾಡಿದರೆ ಮುಖ ಮುಳುಗುತ್ತದೆ. ಆದರೆ ಅವಳು ಕೋಟನ್ನು ಅಳೆದಿರಲೇ ಇಲ್ಲ. ಈ ಸ್ಟುಡಿಯೋದಲ್ಲಿ ಯಾರೂ ಬಟ್ಟೆ ಅಳೆಯುವುದಿಲ್ಲ. ಮೊದಲ ದಿನವೇ ಅತ್ತೆ ಹೇಳಿದ್ದರು: ‘ಗಿರಾಕಿ ಮುಖದ ಪಕ್ಕ ನಿನ್ನ ಅಂಗೈ ಹಿಡಿ. ಅಂಗೈ ಅಳೆ. ಅದು ಎಷ್ಟು ಹೇಳುತ್ತೋ ಅಷ್ಟು ಕೊಡು, ಜಾಸ್ತಿಯೂ ಬೇಡ ಕಮ್ಮಿಯೂ ಬೇಡ. ಮುಖ ತಾನಾಗಿ ಬರುತ್ತೆ.’ ಬಂದದ್ದಕ್ಕೆ ಸಾಕ್ಷಿ ಗೋಡೆ ತುಂಬ ತೂಗುತ್ತಿತ್ತು. ಅತ್ತೆ ತೆಗೆದು, ಅತ್ತೆಯೇ ತೊಳೆದು, ಅತ್ತೆಯೇ ಪ್ರಿಂಟು ಹಾಕಿದ ಕಪ್ಪು ಬಿಳುಪಿನ ಮುಖಗಳು, ಆಮೇಲಿನ ಕೆಲವು ಬಣ್ಣದವು, ಒಂದರ ಗಲ್ಲದ ಮೇಲೂ ಕೆಸರಿಲ್ಲ. ಅಷ್ಟು ಜನ ಸೇರಿ ಅವಳನ್ನು ನೋಡಿ ನಗುತ್ತಿರುವುದು ಯಾವುದಕ್ಕೆಂದು ಅವಳಿಗೆ ಗೊತ್ತಿತ್ತು.

ಅದೇ ಮೊದಲ ವಾರ ಅಲ್ಲವೇ, ಲೆನ್ಸು ಬದಲಿಸಲು ಹೇಳಿ, ಅವಳು ಕೊಟ್ಟಾಗ ಅತ್ತೆಯ ಬೆರಳಿಗೆ ಅವಳ ಬೆರಳು ತಾಗಿ, ‘ಏನೇ ಇದು, ಕಪ್ಪೆ ಮುಟ್ಟಿದ ಹಾಗಾಯ್ತಲ್ಲ’ ಎಂದದ್ದು. ಬೆವರು ಮೊದಲಿನಿಂದ ಇದ್ದದ್ದಲ್ಲ. ತವರಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ, ಗಂಡನ ಮೊದಲ ಸ್ಪರ್ಶಕ್ಕೆ ಕೂಡ ಬೆವರದ ಕೈ ಅದು. ಆ ಕುರ್ಚಿಯ ಎದುರು ಮಾತ್ರ ಒಸರತೊಡಗಿತು, ಒಮ್ಮೆ ಒಸರತೊಡಗಿದ್ದು ನಿಲ್ಲಲಿಲ್ಲ. ‘ಒದ್ದೆ ಕೈಲಿ ನನ್ನ ಲೆನ್ಸು ಮುಟ್ಬೇಡ. ಬೂಸ್ಟು ಹಿಡಿದ್ರೆ ಯಾರು ಕೊಡಿಸ್ತಾರೆ’ ಎಂದು ಅತ್ತೆ. ‘ಕಪ್ಪೆರಾಣಿ, ಊಟಕ್ಕೆ ಹಾಕು’ ಎಂದು ರಾತ್ರಿ ಗಂಡ. ತಮಾಷೆಗೆ. ಮಾರನೆಯ ದಿನದಿಂದ ಅವಳು ಗಿರಾಕಿಗಳ ಕನ್ನಡಿಯ ಮುಂದಿದ್ದ ಡಬ್ಬಿಯಿಂದ ಪೌಡರು ತೆಗೆದು, ಕ್ಯಾಮರಾ ಮುಟ್ಟುವ ಮುಂಚೆ ಎರಡೂ ಅಂಗೈಗೆ ತಟ್ಟಿಕೊಳ್ಳತೊಡಗಿದಳು. ಅದೂ ಯಾರಿಗೂ ಕಾಣದಂತೆ, ಕನ್ನಡಿ ಒರೆಸುವ ನೆಪದಲ್ಲಿ, ಅತ್ತೆಗೆ ಬೆನ್ನು ಮಾಡಿ. ಈಗ ಅದು ಬಾಗಿಲಿನ ಚಿಲಕ ಹಾಕಿದಷ್ಟೇ ಅಭ್ಯಾಸ, ಹಾಕಿದ್ದು ನೆನಪೂ ಇರುವುದಿಲ್ಲ.

ಮಧ್ಯಾಹ್ನ ಅವಳು ಡಾಕ್ಟರ ರೀಲಿನ ನೆಗೆಟಿವ್ ಪಟ್ಟಿಗಳನ್ನು ಕಿಟಕಿಗೆ ಹಿಡಿದು ಮತ್ತೆ ನೋಡಿದಳು, ಹುಣ್ಣನ್ನು ಕೆರೆದುಕೊಳ್ಳುವ ಹಾಗೆ. ಡಾಕ್ಟರ ಚೌಕಗಳೆಲ್ಲ ಖಾಲಿ ಖಾಲಿ, ಗಾಜಿನಂತೆ ಆಚೆಯ ಬೀದಿಯೇ ಕಾಣುತ್ತಿತ್ತು. ಅದೇ ರೀಲಿನ ಕೊನೆಯಲ್ಲಿ ಎದುರು ಅಂಗಡಿಯ ದರ್ಜಿಯ ಅವಳಿ ಮಕ್ಕಳು. ಆ ಚೌಕಗಳಲ್ಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಪೂರ್ತಿ ಸರಿಯೇನಲ್ಲ, ಆದರೆ ಮುಖಗಳಿಗೆ ಮುಖದ ತೂಕವಿತ್ತು. ಅದೇ ಕ್ಯಾಮರಾ, ಅದೇ ರೀಲು, ಅದೇ ಕಿಟಕಿ, ತೊಳೆದದ್ದು ಅದೇ ಲ್ಯಾಬು. ಮಕ್ಕಳ ಫೋಟೋ ತೆಗೆದದ್ದು ಮಾರನೆಯ ಬೆಳಿಗ್ಗೆ, ಗಂಡ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿದ್ದಾಗ. ಬೆತ್ತದ ಕುರ್ಚಿ ಖಾಲಿ ಇತ್ತು. ಅವಳಿಗೆ ಮೈ ಬಿಸಿಯಾಯಿತು. ಹಾಗಾದರೆ ಈ ಮುದುಕಿಯೇ ಬೆಳಕು ಕುಡಿಯುವುದು. ಹಾಗೆಂದುಕೊಳ್ಳುವುದು ಎಷ್ಟು ಸುಖವಾಗಿತ್ತೆಂದರೆ ಸ್ವಲ್ಪ ಹೊತ್ತು ಅದನ್ನೇ ನಂಬಿ ನಿಂತಳು. ಗಂಡನಿಗೆ ತೋರಿಸಿದರೆ ಏನೆನ್ನುತ್ತಾನೆ ಅದೂ ಗೊತ್ತು: ಹಾಗಂತ ಅಮ್ಮನ ಮುಂದೆ ಹೇಳ್ಬೇಡ, ಎರಡೂ ಕಡೆಯಿಂದ ನನಗೇ ಬೀಳುತ್ತೆ. ಆದರೆ ಸಾಯಂಕಾಲ ಡಾಕ್ಟರು ಬರುವಾಗ ಮುದುಕಿ ಇದ್ದೇ ಇರುತ್ತಾಳೆ. ದ್ವೇಷಕ್ಕೆ ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು ಎಂದು ಯಾವ ಮೀಟರಿನ ಮೇಲೂ ಬರೆದಿಲ್ಲ. ಆ ದಿನ ತಾನು ಬೇರೆ ಏನು ಮಾಡಿದ್ದೆ ಎಂದು ಅವಳು ಒಂದೊಂದಾಗಿ ಕೂಡಿಸತೊಡಗಿದಳು.

ಊಟವಾದ ಮೇಲೆ ಅತ್ತೆ ಗಿರಾಕಿಗಳು ಕೂರುವ ಕುರ್ಚಿಗೆ ಬಂದು ಕಿಟಕಿಯ ಬೆಚ್ಚನೆ ಬೆಳಕು ಕಾಲಿಗೆ ಬೀಳುವಂತೆ ಒರಗುತ್ತಾರೆ, ಒರಗಿದ ಕೂಡಲೆ ನಿದ್ದೆ. ಇವತ್ತೂ ಹಾಗೆಯೇ. ಅವಳು ಕೈಯನ್ನೊಮ್ಮೆ ಅಳೆದು ನೋಡೋಣವೆಂದು ಕನ್ನಡಿಯ ಹತ್ತಿರ ಹೋಗಿ, ಅಭ್ಯಾಸದಂತೆ ಪೌಡರು ತಟ್ಟಿಕೊಂಡು, ಅತ್ತೆಯ ಮುಖದ ಪಕ್ಕದಲ್ಲಿ, ಗಿರಾಕಿ ಕೂತಂತೆ, ಅಂಗೈ ಹಿಡಿದು ಮೀಟರು ತಂದಳು. ಮುಳ್ಳು ಮೇಲಕ್ಕೆ ಹಾರಿತು. ಮೀಟರಿನ ಕಪ್ಪು ಮೈಯ ಮೇಲೆ ಅವಳ ಹೆಬ್ಬೆರಳಿನ ಬಿಳಿ ಗುರುತು ಬಿದ್ದಿತ್ತು. ಅದನ್ನು ನೋಡಿದಳು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಕೈಯನ್ನು ಬಟ್ಟೆಗೆ ತಿಕ್ಕಿ ತಿಕ್ಕಿ ಒರೆಸಿ ಮತ್ತೆ ಹಿಡಿದಳು. ಮುಳ್ಳು ಒಂದು ಗೆರೆ ಇಳಿಯಿತು. ಮೀಟರಿಗೆ ಅವಳು ಇಷ್ಟು ದಿನ ತೋರಿಸಿದ್ದು ಅಂಗೈಯನ್ನಲ್ಲ, ಸುಣ್ಣ ಬಳಿದ ಗೋಡೆಯನ್ನು. ಡಾಕ್ಟರ ಬಿಳಿ ಕೋಟಿಗಿಂತ ಬಿಳಿ. ಅತ್ತೆ ಎದುರಿಗಿದ್ದರೆ ಬೆವರು, ಬೆವರಿದರೆ ಪೌಡರು, ಪೌಡರು ಹಾಕಿದರೆ ಕತ್ತಲೆ. ಆಸ್ಪತ್ರೆಯ ದಿನ ಕೈ ಒಣಗಿತ್ತು, ಪೌಡರಿನ ಡಬ್ಬಿ ಮುಟ್ಟಿರಲೇ ಇಲ್ಲ. ನಗು ಬರಬೇಕಾಗಿತ್ತು. ಅಳು ಬಂತು, ಅದಕ್ಕೆ ಸಿಟ್ಟು ಬಂತು. ಆಗಲೇ ಅತ್ತೆಯ ಶಾಲು ಸರಿದು, ತೊಡೆಯ ಮೇಲೆ ಅಂಗಾತ ಬಿದ್ದಿದ್ದ ಅವರ ಬಲಗೈ ಕಣ್ಣಿಗೆ ಬಿತ್ತು.

ಆ ಕೈಯನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ನೋಡಲು ಯಾರಿಗೂ ಬಿಡುತ್ತಿರಲಿಲ್ಲ. ಆಯುಷ್ಯವಿಡೀ ಡಾರ್ಕ್‌ರೂಮಿನ ತಟ್ಟೆಗಳಲ್ಲಿ ಬರಿಗೈ ಅದ್ದಿ ಅದ್ದಿ, ಅಂಗೈ ಮಣಿಕಟ್ಟಿನವರೆಗೂ ಕಂದಾಗಿತ್ತು, ಗೆರೆಗಳೆಲ್ಲ ಕಪ್ಪು, ಉಗುರಿನ ಬುಡ ನೇರಳೆ. ಮನೆಯ ಆಲ್ಬಮ್ಮಿನ ಯಾವ ಫೋಟೋದಲ್ಲೂ ಅತ್ತೆಯ ಕೈಗಳಿಲ್ಲ. ಒಂದರಲ್ಲಿ ಮಗುವಿನ ಬೆನ್ನಿಗೆ, ಒಂದರಲ್ಲಿ ಶಾಲಿನೊಳಗೆ, ಒಂದರಲ್ಲಿ ಯಾರದೋ ಕುರ್ಚಿಯ ಹಿಂದೆ. ಬಂದವರಿಗೆ ಬಡಿಸುವುದು ಯಾವಾಗಲೂ ಬೇರೆ ಯಾರಾದರೂ. ಶಾಲೆಯಲ್ಲಿ ಗೆಳೆಯರು ‘ನಿಮ್ಮಮ್ಮ ಇದ್ದಿಲು ಮಾರ್ತಾರಾ’ ಎಂದು ಕೇಳಿದ ಮೇಲೆ ಯಾರನ್ನೂ ಮನೆಗೆ ಕರೆಯಲಿಲ್ಲವೆಂದು ಗಂಡ ಒಮ್ಮೆ ಹೇಳಿದ್ದ, ಅದನ್ನೂ ಜೋಕಿನಂತೆ. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಉಸಿರು ಬಿಗಿಹಿಡಿದು ಬಗ್ಗಿ, ಮೀಟರನ್ನು ಆ ಮಲಗಿದ ಅಂಗೈಯ ಮೇಲೆ ತಂದಳು. ಮುಳ್ಳು ಎದ್ದು, ನಿಂತು, ಕೆಳಗೆ ಕೂತಿತು. ಅವಳ ಒರೆಸಿದ ಕೈಗಿಂತ ಒಂದು ಗೆರೆ ಕೆಳಗೆ, ಸರಿಯಾಗಿ ಎಲ್ಲಿ ಕೂರಬೇಕೋ ಅಲ್ಲಿ. ಮೀಟರು ನಂಬುವ ನಡುಬಣ್ಣ ಆ ಕೈಯ ಬಣ್ಣವೇ ಆಗಿತ್ತು. ಅಂಗೈ ಅಳೆ, ಅದು ಹೇಳಿದಷ್ಟು ಕೊಡು ಎಂಬ ಶಾಸ್ತ್ರ ಲೋಕದಲ್ಲಿ ಒಂದೇ ಒಂದು ಅಂಗೈಗೆ ಸಲ್ಲುತ್ತಿತ್ತು. ಅದನ್ನು ಅತ್ತೆ ಇವಳ ಕೈಗೆ ಹೇಳಿಕೊಟ್ಟು, ಕೈಯೇ ಸರಿಯಿಲ್ಲವೆಂದು ಊರಿಗೆಲ್ಲ ಸಾರಿದ್ದರು. ತಿಳಿದು ಮಾಡಿದರೋ ತಿಳಿಯದೆಯೋ, ಅವಳಿಗೆ ಬೇಕಾಗಿರಲಿಲ್ಲ. ತಾನು ಒರೆಸಿದ ಕೈಯನ್ನು ಅಳೆದು, ಲೆನ್ಸನ್ನು ಒಂದು ಗೆರೆ ಹೆಚ್ಚು ತೆರೆದರೆ ಮುಗಿಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಅಷ್ಟರಿಂದ ಅವಳ ಹೊಟ್ಟೆ ತುಂಬುವ ಹಾಗಿರಲಿಲ್ಲ.

ಡಾಕ್ಟರು ಬಂದರು, ಇಸ್ತ್ರಿಯ ಗರಿ ಮುರಿಯದ ಬಿಳಿ ಕೋಟಿನಲ್ಲಿ. ಅತ್ತೆ ಎದ್ದು ಜಾಗ ಬಿಟ್ಟು, ಮೂಲೆಯ ಬೆತ್ತದ ಕುರ್ಚಿಗೆ ಹೋಗಿ ಕೂತು, ಶಾಲು ಸರಿ ಮಾಡಿಕೊಂಡರು. ‘ಈ ಸಲ ನನ್ನ ಹಲ್ಲಿಗೆ ಸ್ವಲ್ಪ ಕರುಣೆ ಇರಲಿ’ ಎಂದರು ಡಾಕ್ಟರು ಕುರ್ಚಿಯಲ್ಲಿ ಕೂರುತ್ತ. ಅತ್ತೆ ಹಿಂದಿನಿಂದ ನಕ್ಕರು. ಅವಳು ಕ್ಯಾಮರಾ ನಿಲ್ಲಿಸಿದಳು, ಕಿಟಕಿಯ ಬಟ್ಟೆ ಬಿಗಿ ಮಾಡಿದಳು, ಮೀಟರು ಕೈಗೆ ತೆಗೆದುಕೊಂಡಳು. ಅಂಗೈ ಆಗಲೇ ತೊಯ್ದಿತ್ತು. ಆಮೇಲೆ, ತಾನೇ ನಂಬದಷ್ಟು ನಯವಾಗಿ, ‘ಅತ್ತೆ, ಸ್ವಲ್ಪ ಬರ್ತೀರಾ’ ಎಂದಳು.

‘ಯಾಕೆ?’

‘ನಿಮ್ಮ ಕೈ ಬೇಕು. ಡಾಕ್ಟರ ಮುಖದ ಪಕ್ಕ ಹಿಡೀರಿ. ಶಾಲು ತೆಗೆದು.’

‘ನಿನ್ನ ಕೈಗೇನಾಗಿದೆ?’ ಎಂದರು ಅತ್ತೆ. ‘ನನ್ನ ಕೈಗೆ ಬೆಳಕು ಹತ್ತಲ್ಲ ಅಂತ ನೀವೇ ಹೇಳಿದ್ರಲ್ಲ. ನಿಮ್ಮ ಕೈಗೆ ಹತ್ತುತ್ತೆ’ ಎಂದಳು. ಡಾಕ್ಟರು ಕುತೂಹಲದಿಂದ ತಿರುಗಿದರು. ಬರುವುದಿಲ್ಲ, ಮುದುಕಿ ಬರುವುದಿಲ್ಲ, ಎದ್ದು ಒಳಗೆ ಹೋಗುತ್ತಾಳೆ, ಇನ್ನೆಂದೂ ಈ ಕುರ್ಚಿಗೆ ಬರುವುದಿಲ್ಲ ಎಂದು ಅವಳು ಕಾಯುತ್ತಿದ್ದಾಗ, ಅತ್ತೆ ಎದ್ದು ಬಂದರು. ಶಾಲನ್ನು ಕುರ್ಚಿಯ ಮೇಲೆಯೇ ಬಿಟ್ಟು ಬಂದಿದ್ದರು. ಡಾಕ್ಟರ ಕೆನ್ನೆಯ ಪಕ್ಕ, ಕಿಟಕಿಗೆ ಎದುರಾಗಿ, ಆ ಕಂದು ಅಂಗೈ ಬಿಚ್ಚಿಕೊಂಡಿತು. ಡಾಕ್ಟರ ತಲೆ ಕೂದಲೆಳೆಯಷ್ಟು ಆಚೆ ಸರಿಯಿತು. ಸರಿದದ್ದನ್ನು ಮೂವರೂ ನೋಡಿದರು. ‘ಏನಾದ್ರೂ ಚರ್ಮದ ತೊಂದರೆನಾ ಅಮ್ಮ? ಯಾರಿಗಾದ್ರೂ ತೋರಿಸಿದ್ದೀರಾ?’ ಎಂದು ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ‘ಇಲ್ಲಮ್ಮ, ಯಾರಿಗೂ ತೋರಿಸಿಲ್ಲ’ ಎಂದರು ಅತ್ತೆ. ಅವಳು ಮೀಟರು ಹಿಡಿದು ಮುಂದೆ ಬಂದಳು. ಮುಳ್ಳು ನಿಂತ ಮೇಲೂ ಕೈ ತೆಗೆಯಿರಿ ಎನ್ನಲಿಲ್ಲ. ಇನ್ನಷ್ಟು ಹೊತ್ತು, ಓದಲು ಬಾರದವಳಂತೆ, ನೋಡುತ್ತ ನಿಂತಳು. ಇದೇ ಬೇಕಾಗಿತ್ತು ಅವಳಿಗೆ. ಬೇಕಾದದ್ದು ಸಿಕ್ಕಿತ್ತು. ಅತ್ತೆಯ ಕೈ ಮಾತ್ರ ಒಂದಿಷ್ಟೂ ಬೆವರಲಿಲ್ಲ. ಡಾಕ್ಟರಿಗೆ ಕೇಳಿಸದ ಹಾಗೆ, ಅವಳ ಕಿವಿಗಷ್ಟೇ ಹೇಳಿದರು: ‘ಮಲಗಿದಾಗ ಅಳೆದದ್ದು ಸಾಲಲಿಲ್ಲ, ಅಲ್ವಾ.’

ಅವಳು ಕ್ಯಾಮರಾದ ಹಿಂದೆ ಹೋಗಿ, ಮುಖ ಅಡಗಿಸಿಕೊಂಡು, ಕ್ಲಿಕ್ ಮಾಡಿದಳು. ಮತ್ತೊಂದು. ಬೆಳಕು ಸ್ವಲ್ಪ ಕುಂದಿತು, ಅವಳ ಗಮನಕ್ಕೆ ಬರುವ ಮೊದಲೇ, ಪೊರೆ ಬಂದ ಕಣ್ಣಿನ ಅತ್ತೆಗೆ ಅದು ಹೇಗೆ ತಿಳಿಯಿತೋ, ‘ಮೋಡ ಬಂತು. ಇನ್ನೊಂದು ಸಲ ನೋಡು’ ಎಂದು ಕೈಯನ್ನು ಮತ್ತೆ ಅದೇ ಜಾಗಕ್ಕೆ ತಂದರು. ಈ ಸಲ ಡಾಕ್ಟರು ಸರಿಯಲಿಲ್ಲ. ಮತ್ತೆ ಬಿಸಿಲು, ಮತ್ತೆ ಕೈ. ರೀಲು ಮುಗಿಯುವವರೆಗೂ ಅತ್ತೆ ಕುರ್ಚಿಗೆ ಹೋಗಲಿಲ್ಲ.

ಲಕೋಟೆ ಬಂದಾಗ ಅದರ ಮೇಲೆ ಕೆಂಪು ಅಕ್ಷರವಿರಲಿಲ್ಲ. ಹಲ್ಲು ಬಿಳಿ, ಕೋಟಿನಲ್ಲಿ ಮಡಿಕೆ ಮಡಿಕೆಯೂ ಬಿಳಿ, ಕೂದಲು ಕಪ್ಪು. ಒಂದರ ಅಂಚಿನಲ್ಲಿ ಎರಡು ಕಂದು ಬೆರಳು ಬಂದುಬಿಟ್ಟಿದ್ದವು. ಕತ್ತರಿಸು ಎಂದು ಅತ್ತೆ ಹೇಳಲಿಲ್ಲ. ಜೆರಾಕ್ಸ್ ಅಂಗಡಿಯವನು ಕೇಳಲು ಬಂದಾಗ ಪ್ರಿಂಟುಗಳನ್ನು ಅವನ ಮುಂದೆ ಹರಡಿ, ‘ಜಾಗ ಕೊಡಲ್ಲಪ್ಪ. ಇವಳಿಗೆ ಎಲ್ಲ ಬರುತ್ತೆ, ಬೆಳಕು ನೋಡೋದೊಂದು ಬರಲ್ಲ. ಅದಕ್ಕೆ ನನ್ನ ಕೈ ಬೇಕು’ ಎಂದರು. ಗಂಡನೂ ಅಲ್ಲೇ ಇದ್ದ, ‘ಅಬ್ಬ, ಇಬ್ಬರೂ ಒಂದಾದ್ರಲ್ಲ’ ಎಂದು ಬೆತ್ತದ ಕುರ್ಚಿಯನ್ನು ಎತ್ತಿ, ಅತ್ತೆ ಹೇಳಿದ ಹಾಗೆ, ಮೂಲೆಯಿಂದ ಕಿಟಕಿಯ ಪಕ್ಕಕ್ಕೆ, ಗಿರಾಕಿಯ ಕುರ್ಚಿಗೆ ತಾಗಿಸಿ ಇಟ್ಟ. ಅವಳಿಗೆ ಮಾತು ನಾಲಿಗೆಯ ತುದಿಯವರೆಗೆ ಬಂತು. ನಿಮ್ಮ ಕೈ ಏನೂ ಬೇಕಾಗಿಲ್ಲ, ನನ್ನ ಕೈಯೇ ಸಾಕು, ಕೆಡಿಸಿದ್ದು ಪೌಡರು, ಒರೆಸಿ ಒಂದು ಗೆರೆ ತೆರೆದರೆ ಆಯಿತು. ಇಷ್ಟೇ ಮಾತು, ಆಡಿದರೆ ಆ ಕುರ್ಚಿ ಈ ಕೋಣೆಯಿಂದಲೇ ಹೊರಗೆ ಹೋಗುತ್ತದೆ. ಆದರೆ ಪೌಡರು ಯಾಕೆ ಹಾಕ್ಕೋತಿದ್ದೆ ಎಂದು ಅತ್ತೆ ಕೇಳುತ್ತಾರೆ. ಅದಕ್ಕೆ ಇರುವುದು ಒಂದೇ ಉತ್ತರ, ಅದನ್ನು ಆ ಮುಖದ ಎದುರು ಹೇಳುವುದಕ್ಕಿಂತ ಕಿಟಕಿ ಮುಚ್ಚಿ ಜೆರಾಕ್ಸ್ ಹಾಕುವುದೇ ವಾಸಿ ಎನಿಸಿತು. ಹೊರಗೆ ಮೆಟ್ಟಿಲ ಮೇಲೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು, ಗಿರಾಕಿ. ಅವಳು ಕನ್ನಡಿಯ ಹತ್ತಿರ ಹೋಗಿ, ಈ ಸಲ ಬೆನ್ನು ಕೂಡ ಮಾಡದೆ, ಡಬ್ಬಿಯ ಮುಚ್ಚಳ ತೆಗೆದು, ಮಣಿಕಟ್ಟಿನವರೆಗೂ ಬಳಿದುಕೊಂಡಳು. ಇನ್ನು ಎಷ್ಟು ಬಳಿದುಕೊಂಡರೂ ಫೋಟೋ ಕೆಡುವುದಿಲ್ಲ. ಅತ್ತೆ ಶಾಲು ಸರಿಸಿ, ಕೈಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.